ಎರಡು ಕೌಂಟರುಗಳು

ನೋಟು ತೆಗೆದುಕೊಂಡು ಚಿಲ್ಲರೆ ಕೊಡುವ ಕೆಲಸ ಬೇಂಕಿನಲ್ಲಿ ಯಾರಿಗೂ ಬೇಡ. ನಮ್ಮ ದೇಹದಲ್ಲಿ ಒಂದು ಕಿಣ್ವಕ್ಕೆ ಜೀವನಪೂರ್ತಿ ಅಂಥದೇ ಕೆಲಸ. ಹೆಸರು ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್. ಸಾಲದ ಅರ್ಜಿಯ ಅಂಕಣದಲ್ಲಿ ಹಿಡಿಯದಷ್ಟು ಉದ್ದ. ಜೀವಕೋಶದಲ್ಲಿ ಆರ್‌ಎನ್‌ಎಯ ಇಟ್ಟಿಗೆಗಳು ಧಾರಾಳ, ಡಿಎನ್‌ಎಯವು ದುರ್ಲಭ. ಮೊದಲನೆಯದರಿಂದ ಒಂದು ಆಮ್ಲಜನಕವನ್ನು ಕಳೆದು ಎರಡನೆಯದನ್ನಾಗಿ ಮಾಡುವುದು ಇದರ ವಿನಿಮಯ.

ಇದಕ್ಕೆ ದೊಡ್ಡ ಘಟಕ ಒಂದು, ಸಣ್ಣದು ಒಂದು. ಸಣ್ಣದರಲ್ಲಿ ಕಬ್ಬಿಣವಿದೆ, ಕೀಲಿಕೈ ಇರುವುದು ಅಲ್ಲೇ. ಆದರೆ ಆ ಕೌಂಟರು ತೆರೆಯುವುದು ಕೋಶ ಇಬ್ಭಾಗವಾಗಲು ಸಿದ್ಧವಾದಾಗ ಮಾತ್ರ. ಕೆಲಸ ಮುಗಿದೊಡನೆ ಕೋಶವೇ ಅದನ್ನು ನಾಶಮಾಡುತ್ತದೆ. ಹಾಗಾದರೆ ವಿಭಜನೆಯಾಗದ ಕೋಶದ ಡಿಎನ್‌ಎ ಕೆಟ್ಟರೆ ಗತಿಯೇನು? 2000ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೊಂದು ಸಣ್ಣ ಘಟಕವನ್ನು ಕಂಡುಹಿಡಿದರು: ಪಿ53ಆರ್2. ಡಿಎನ್‌ಎಗೆ ಪೆಟ್ಟಾದಾಗ ಪಿ53 ಎಂಬ ಕಾವಲುಗಾರ ಪ್ರೋಟೀನು ಇದನ್ನು ಹೆಚ್ಚು ತಯಾರಿಸುವಂತೆ ಮಾಡುತ್ತದೆ. ತುರ್ತಿನ ಕೌಂಟರು ಅಂತಲೇ ಎಲ್ಲರೂ ಎಣಿಸಿದ್ದರು. 2007ರಲ್ಲಿ ನೋಡಿದರೆ, ಇದು ಕೆಟ್ಟು ಹುಟ್ಟಿದ ಶಿಶುಗಳ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ ಬರಿದಾಗಿತ್ತು. ಆ ಮಕ್ಕಳು ಉಳಿಯಲಿಲ್ಲ. ಸದ್ದಿಲ್ಲದೆ ದಿನವೂ ತೆರೆದಿರುತ್ತಿದ್ದ ಕೌಂಟರು ಅದು!

ಬಿ.ಎ. ಓದಿದ ನನಗೆ ಇದರ ಉಸಾಬರಿ ಬಂದದ್ದು ವಯನಾಡಿಗೆ ವರ್ಗವಾದಾಗ. ಶಾಖೆಯ ಅಟೆಂಡರರ ಮಗಳಿಗೆ ಕುಡುಗೋಲು ಕಣದ ರಕ್ತಹೀನತೆ, ಅಲ್ಲಿಯವರ ಮಾತಿನಲ್ಲಿ 'ಅರಿವಾಳ್ ರೋಗಂ'. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯಲ್ಲೇ. ವೈದ್ಯರು ಹೈಡ್ರಾಕ್ಸಿಯೂರಿಯಾ ಬರೆದಿದ್ದರು. ಯಾರೋ "ಅದು ಕ್ಯಾನ್ಸರಿನ ಮದ್ದು" ಎಂದದ್ದೇ ತಡ, ಇವರು ಕ್ಯಾಪ್ಸೂಲು ನಿಲ್ಲಿಸಿದ್ದರು. ಹುಡುಗಿ ಕೈಕಾಲು ನೋವಿನಿಂದ ರಾತ್ರಿಯಿಡೀ ಕೂಗುತ್ತಿದ್ದಳು.

ಕ್ಯಾನ್ಸರಿನ ಮದ್ದೆನ್ನುವುದು ಸುಳ್ಳಲ್ಲ. ಅದು ಈ ಸಣ್ಣ ಘಟಕದ ಕೀಲಿಕೈಯನ್ನೇ ಕಸಿಯುತ್ತದೆ. ಇಟ್ಟಿಗೆ ಸಿಗದೆ ಕೋಶವಿಭಜನೆ ನಿಧಾನವಾಗುತ್ತದೆ. ಆದರೆ ಹದವಾದ ಪ್ರಮಾಣದಲ್ಲಿ ಕೊಟ್ಟಾಗ ಮೂಳೆಮಜ್ಜೆ, ಗರ್ಭದಲ್ಲಿದ್ದಾಗಿನ ಬಗೆಯ ಹಿಮೋಗ್ಲೋಬಿನನ್ನು ಮತ್ತೆ ಹೆಚ್ಚು ತಯಾರಿಸುತ್ತದೆ. ಅದಿದ್ದರೆ ರಕ್ತಕಣ ಕುಡುಗೋಲಿನಂತೆ ಬಾಗುವುದು ಕಡಿಮೆ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನೋವಿನ ಸರದಿಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು.

ಊಟದ ಬಿಡುವಿನಲ್ಲಿ ನನ್ನ ಹರಕುಮುರುಕು ಮಲಯಾಳದಲ್ಲಿ ಇಷ್ಟನ್ನು ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದರೆ ಕೌಂಟರು ಪೂರ್ತಿ ಮುಚ್ಚಿಹೋದರೆ, ಸಾರೇ?"

ಅದಕ್ಕೇ ಆಗಾಗ ರಕ್ತ ನೋಡುವುದು, ಬಿಳಿಕಣ ಇಳಿದರೆ ವೈದ್ಯರೇ ಮದ್ದು ತಡೆಯುತ್ತಾರೆ, ನಾವಾಗಿ ನಿಲ್ಲಿಸಬಾರದು ಎಂದೆ. ಸಂಜೆ ನನ್ನ ಮೇಜಿನ ಮೇಲೆ ಅವರ ರಜೆಯ ಅರ್ಜಿ ಇತ್ತು. ಕಾರಣ: ಮಗಳ ರಕ್ತಪರೀಕ್ಷೆ.