ಸಂಜೆಯ ಮೂರು ಗಂಟೆ

ಬೆಂಗಳೂರಿನ ಆ ಮನೆಯಲ್ಲಿ ರಾತ್ರಿಭೋಜನ ತ್ಯಾಗದ ನಿಯಮವು ಮೂರು ತಲೆಮಾರಿನಿಂದ ನಡೆದುಬಂದಿತ್ತು. ಅಜ್ಜಿ ಇರುವವರೆಗೆ ಅದು ಕಷ್ಟವೆನಿಸಿರಲಿಲ್ಲ. ಶಾಲೆಯಿಂದ ಬಂದ ಮೊಮ್ಮಕ್ಕಳಿಗೆ ಹೊತ್ತು ಮುಳುಗುವ ಮುನ್ನ ಅವರು ಉಣಬಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಸಮಸ್ಯೆ ತಲೆದೋರಿತು. ತಂದೆ ಬ್ಯಾಂಕಿನಲ್ಲಿ, ತಾಯಿ ಕಾಲೇಜಿನಲ್ಲಿ. ಅವರಿಬ್ಬರೂ ಡಬ್ಬಿಯ ಊಟವನ್ನು ಕೆಲಸದ ಸ್ಥಳದಲ್ಲೇ ಮುಗಿಸಿ ಮನೆ ಸೇರುವಾಗ ಏಳು ದಾಟುತ್ತಿತ್ತು. ಬೆಂಗಳೂರಿನಲ್ಲಿ ಜುಲೈ ತಿಂಗಳಲ್ಲೂ ಸೂರ್ಯ ಏಳರವರೆಗೆ ಕಾಯುವುದಿಲ್ಲ. ನವೆಂಬರಿನಲ್ಲಂತೂ ಆರಕ್ಕೆ ಮುಂಚೆಯೇ ಅಸ್ತಮಿಸುತ್ತಾನೆ.

ಮಗಳಿಗೆ 13, ಮಗನಿಗೆ 10. "ನಮಗೆ ಆಯಾ ಬೇಕೇ? ನಾವೇನು ತೊಟ್ಟಿಲ ಕೂಸುಗಳೇ?" ಎಂದು ಮಗಳು ಸಿಡುಕಿದಳು. ಆ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಊರಿನ ಬಂಧುಗಳೊಬ್ಬರು 12 ವರ್ಷದ ಹುಡುಗಿಯನ್ನು ಕಳುಹಿಸುವೆವೆಂದರು. 14ರೊಳಗಿನ ಮಕ್ಕಳನ್ನು ಮನೆಗೆಲಸಕ್ಕಿಡುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ಕಾನೂನು ಹಾಗಿರಲಿ, ಮಗಳಿಗಿಂತ ಕಿರಿಯಳು ಮಗಳನ್ನು ಕಾಯುವುದೇ ಎಂದು ತಾಯಿಗೆ ನಾಚಿಕೆಯಾಯಿತು.

ಕೊನೆಗೆ ಪಕ್ಕದ ಬಡಾವಣೆಯಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಮಕ್ಕಳು ಅವರನ್ನು ಅಕ್ಕ ಎಂದು ಕರೆದರು. ಮೂರೂವರೆಯಿಂದ ಆರೂವರೆಯವರೆಗೆ ಇದ್ದು ಹಾಲು ಕಾಯಿಸುವುದು, ಊಟ ಬಡಿಸುವುದು, ಓದಲು ಕೂರಿಸುವುದು, ಒಪ್ಪಂದ ಇಷ್ಟೇ. ಆದರೆ ಕೆಲಸವೆಂಬುದು ಬಳ್ಳಿಯಂತೆ ಹಬ್ಬುತ್ತದೆ. ಮೊದಲು ಮರುದಿನದ ತರಕಾರಿ ಹೆಚ್ಚುವುದು ಸೇರಿತು, ಆಮೇಲೆ ಇಸ್ತ್ರಿ; ಬಳಿಕ ದಂಪತಿಗಳು ಬರುವುದೇ ಎಂಟಾದಾಗ ಎಂಟರವರೆಗೆ ಕಾವಲು. ಸಂಬಳ ಮಾತ್ರ ನಿಂತಲ್ಲೇ ನಿಂತಿತ್ತು. ಮಕ್ಕಳಿಗೆ ಬಡಿಸಿದ ಕೈಗೆ ಯಾರೂ ಒಂದು ತಟ್ಟೆ ಕೊಟ್ಟಿರಲಿಲ್ಲ. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಯಾರಿಗೂ ತೋಚಿರಲಿಲ್ಲ, ಅಷ್ಟೇ. ಸಜ್ಜನರ ಮನೆಗಳಲ್ಲಿ ಹಿಂಸೆ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ.

ಒಂದು ಭಾನುವಾರ ಮಗಳು ಪಾಠಶಾಲೆಯಲ್ಲಿ ಕಲಿತ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವನ್ನು ಒಪ್ಪಿಸುತ್ತಿದ್ದಳು. ಅಹಿಂಸಾಣುವ್ರತದ ಅತಿಚಾರಗಳು 5: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಗುರುಗಳು ಎತ್ತಿನ ದೃಷ್ಟಾಂತ ಕೊಟ್ಟಿದ್ದರಂತೆ.

"ಅಪ್ಪಾ, ಕಡೆಯ ಎರಡು ಎತ್ತಿಗೆ ಮಾತ್ರವೇ? ನಮ್ಮ ಅಕ್ಕನಿಗೆ ಅನ್ವಯಿಸುವುದಿಲ್ಲವೇ?"

ತಂದೆ ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟರು, ಉತ್ತರ ಕೊಡಲಿಲ್ಲ.

ಮರುದಿನ ತಾಯಿ ಅವರನ್ನು ಕೂರಿಸಿಕೊಂಡು ಸಂಬಳ ಹೆಚ್ಚಿಸುವ ಮಾತನ್ನೂ, ಇನ್ನು ಮುಂದೆ ಮಕ್ಕಳೊಡನೆಯೇ ಉಣ್ಣಬೇಕೆಂಬ ಮಾತನ್ನೂ ಆಡಿದರು. ಅವರು ಎಲ್ಲವನ್ನೂ ಕೇಳಿಕೊಂಡು, "ಅದೆಲ್ಲ ಸರಿ ಅಮ್ಮಾ, ಆರೂವರೆಗೆ ಬಿಟ್ಟುಬಿಡಿ. ನನ್ನ ಮಗ ಏಳನೆಯ ಕ್ಲಾಸು. ಶಾಲೆಯಿಂದ ಬಂದು ಬೀಗ ತೆಗೆದು ಒಬ್ಬನೇ ಕೂತಿರುತ್ತಾನೆ" ಎಂದರು.

ಎಂಟು ತಿಂಗಳಾದರೂ ಆ ಹುಡುಗನ ಸಂಗತಿ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನನ್ನೂ ಕರೆತನ್ನಿರೆಂದು ಹೇಳಲು ತಾಯಿಗೆ ಮೂರು ದಿನ ಬೇಕಾಯಿತು. ಮೊಟ್ಟೆ, ಮೀನು ತಿನ್ನುವ ಮನೆಯ ಹುಡುಗ ಅಡುಗೆಮನೆಯವರೆಗೆ ಬಂದಾನೆಂಬ ಅಳುಕು. ಆ ಅಳುಕಿಗೂ ಅಹಿಂಸೆಗೂ ಎಷ್ಟು ಸಂಬಂಧವೆಂಬುದನ್ನು ಅವರೇ ತಮ್ಮೊಳಗೆ ಲೆಕ್ಕ ಹಾಕಬೇಕಾಯಿತು. ಕೊನೆಗೆ ಹೇಳಿದಾಗ ಅವರು ನಕ್ಕು, "ಬೇಡಮ್ಮಾ, ಅವನಿಗೆ ಅವನ ಮನೆಯೇ ಸರಿ" ಎಂದುಬಿಟ್ಟರು.

ತಂದೆ ಈಗ ವಾರದಲ್ಲಿ ನಾಲ್ಕು ದಿನ ಆರೂಕಾಲಿಗೆ ಮನೆ ಸೇರುತ್ತಾರೆ. ಮಿಕ್ಕ ದಿನ ತಾಯಿ. ಬಡ್ತಿಗೆ ಇದರಿಂದ ತೊಡಕಾದೀತೆಂದು ಸಹೋದ್ಯೋಗಿಗಳು ಎಚ್ಚರಿಸಿದ್ದಾರೆ. ಬೇಸಿಗೆಯಲ್ಲಾದರೆ ಮಕ್ಕಳೊಡನೆ ಕುಳಿತು ಉಣ್ಣುವಷ್ಟು ಹೊತ್ತು ಉಳಿದಿರುತ್ತದೆ. ನವೆಂಬರಿನಲ್ಲಿ ಡಬ್ಬಿಯೇ ಗತಿ.