ಅಕ್ಕ ಹೇಳಿದ ವ್ಯೋಮ

1998ರಲ್ಲಿ ದೂರದರ್ಶನದಲ್ಲಿ ಬಂದ ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’ ಧಾರಾವಾಹಿಯನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಬಾಹ್ಯಾಕಾಶದ ಸೆರೆಮನೆಯಿಂದ ತಪ್ಪಿಸಿಕೊಂಡ ಘೋರ ಅಪರಾಧಿಗಳನ್ನು ವ್ಯೋಮನು ಬೆನ್ನಟ್ಟಿ ಹಿಡಿಯುವ ಕಥೆಯದು. ಮಿಲಿಂದ್ ಸೋಮನ್ ಅವರೇ ವ್ಯೋಮ.

ಹೊಸಂಗಡಿಯ ನಮ್ಮ ಮನೆಯಲ್ಲಿ ಮಾತು ಕನ್ನಡ. ಅಂಗಳ ದಾಟಿದರೆ ತುಳು, ಪೇಟೆಯಲ್ಲಿ ಮಲಯಾಳ. ಹಿಂದಿ ಬಲ್ಲವಳು ಅಕ್ಕನೊಬ್ಬಳೇ. ಅವಳನ್ನು ಹಿಂದಿ ಪ್ರಚಾರ ಸಭೆಯ ಪರೀಕ್ಷೆಗೆ ಕೂರಿಸಲು ಅಪ್ಪ ಅಡಕೆ ಮಾರಿ ಶುಲ್ಕ ಕಟ್ಟಿದ್ದರು. ವ್ಯೋಮನ ಒಂದೊಂದು ಮಾತೂ ಅಕ್ಕನ ಬಾಯಿಂದಲೇ ನಮಗೆ ತಲಪಬೇಕಾಗಿತ್ತು.

ಒಂದು ದಿನ ವ್ಯೋಮನಿಗೆ ಪ್ರಾಣಸಂಕಟ ಒದಗಿತ್ತು. ನಾವು ಉಸಿರು ಬಿಗಿಹಿಡಿದು ಕುಳಿತಿದ್ದೆವು. ಅಜ್ಜಿಯ ಜಪಮಾಲೆಯೂ ನಿಂತಿತ್ತು. ಆಗಲೇ ಕರೆಂಟು ಹೋಗಬೇಕೆ! “ಅಕ್ಕಾ, ಮುಂದೇನು?” ಎಂದು ಪೀಡಿಸಿದೆವು. ಅವಳು ಕಪ್ಪಾದ ಪರದೆಯ ಮುಂದೆ ನಿಂತು, ವ್ಯೋಮನು ಪಾರಾದ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿ ಮುಗಿಸಿದಳು. ವಾರವಿಡೀ ಶಾಲೆಯಲ್ಲಿ ನಾವು ಸಾರಿದ್ದು ಆ ಕಥೆಯನ್ನೇ.

ಈಚೆಗೆ ಆ ಹಳೆಯ ಕಂತುಗಳನ್ನು ಮೊಬೈಲಿನಲ್ಲಿ ನೋಡಿದೆವು. ಈಗ ನಮಗೂ ಹಿಂದಿ ತಿಳಿಯುತ್ತದೆ. ಅಕ್ಕನ ವ್ಯೋಮ ಆಡುತ್ತಿದ್ದ ಎಷ್ಟೋ ಸೊಗಸಾದ ಮಾತುಗಳು ಅಲ್ಲಿರಲೇ ಇಲ್ಲ! ಫೋನಿನಲ್ಲಿ ಕೇಳಿದರೆ ಅವಳು ನಕ್ಕಳು: “ಅರ್ಧಕ್ಕರ್ಧ ನನಗೂ ತಿಳಿಯುತ್ತಿರಲಿಲ್ಲ ಮಾರಾಯ್ರೇ. ಶುಲ್ಕ ಕಟ್ಟಿದ ಅಪ್ಪ ಎದುರಿಗೇ ಕುಳಿತಿರುವಾಗ ಹಾಗೆನ್ನುವುದು ಹೇಗೆ?”

ಅಂದು ಕರೆಂಟು ಹೋದಾಗ ಅವಳಿಗೆ ಹೋದ ಜೀವ ಬಂದಂತಾಗಿತ್ತಂತೆ.