ಸೋಗಿನವರ ಚಿತ್ರ ತೆಗೆಯುವ ಮುನ್ನ

ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಸೀಮೆಯ ದಾರಿಗಳೆಲ್ಲ ಬನಶಂಕರಿಯತ್ತ ತಿರುಗುತ್ತವೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ತಿಂಗಳ ಕಾಲ ಡೇರೆ ಹಾಕಿ ರಾತ್ರಿಯೆಲ್ಲ ಆಟವಾಡುತ್ತವೆ. ಹುನಗುಂದದ ಕಡೆ ವಿಜ್ಞಾನ ಕಲಿಸುವ ನಾನು ಈ ಸಲ ಹೈಸ್ಕೂಲಿನ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಜೊತೆಗೆ ಇಬ್ಬರು ಪಾಲಕರು, ಅವರ ಮೊಬೈಲ್ ಫೋನುಗಳು.

ಕೊನೆಯ ಆಟ ಬಿಟ್ಟಾಗ ಮೂಡಣ ಕೆಂಪೇರಿತ್ತು. ಬಣ್ಣ ತೊಳೆಯದ ನಟರು ಕಿರೀಟ ಕೈಯಲ್ಲಿ ಹಿಡಿದು ಚಹಾಕ್ಕೆಂದು ಹೊರಬಂದರು. ಒಬ್ಬ ಹುಡುಗಿ ಕೇಳಿದಳು: "ಸರ್, ಇದು ನಮ್ಮ ಕಡೀ ಕಾಸ್‌ಪ್ಲೇ ಅಲ್ರಿ?"

ಅವಳ ಮಾತು ತಪ್ಪೇನಲ್ಲ. ಸಿನಿಮಾ, ಚಿತ್ರಕಥೆಗಳ ಪಾತ್ರದಂತೆ ಉಡುಪು ತೊಟ್ಟು ಫೋಟೊ ತೆಗೆಸಿಕೊಳ್ಳುವ ಹವ್ಯಾಸಕ್ಕೆ ಆ ಹೆಸರು ಹುಟ್ಟಿದ್ದು 1980ರ ದಶಕದ ಜಪಾನಿನಲ್ಲಿ. ನಮ್ಮಲ್ಲಿ ಇದಕ್ಕೆ ಸೋಗು ಎನ್ನುತ್ತಾರೆ. ಬಾಗಲಕೋಟೆಯ ಹೋಳಿಯಲ್ಲಿ ಹಲಗಿಯ ಸದ್ದಿನ ಜೊತೆ ಸೋಗಿನ ಬಂಡಿ ಹೊರಡುತ್ತದೆ; ಅದರ ಮೇಲೆ ಪುರಾಣದವರೂ ಇರುತ್ತಾರೆ, ಇಂದಿನ ರಾಜಕಾರಣಿಯ ಅಣಕವೂ ಇರುತ್ತದೆ. 'ರಕ್ತರಾತ್ರಿ' ನಾಟಕ ಬರೆದ ಕಂದಗಲ್ಲ ಹನುಮಂತರಾಯರು ನಮ್ಮ ಇಳಕಲ್ಲ ಸಮೀಪದ ಕಂದಗಲ್ಲಿನವರೇ. ವೇಷ ಈ ಸೀಮೆಗೆ ಹೊಸದಲ್ಲ.

ಚಿತ್ರ ತೆಗೆಯಲು ಅದು ಒಳ್ಳೆಯ ಹೊತ್ತು. ನಡುಹಗಲಿನಲ್ಲಿ ಬಿಸಿಲು ನೆತ್ತಿಯಿಂದ ಬಿದ್ದು ಕಿರೀಟದ ನೆರಳು ಕಣ್ಣನ್ನು ಮುಚ್ಚುತ್ತದೆ. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ ಬಂದು ಕಣ್ಣಿಗೇ ತಾಗುತ್ತದೆ. ಆಗ ಅದು ಹೆಚ್ಚು ಗಾಳಿಯನ್ನು ಹಾದು ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಹಳದಿ ಹೆಚ್ಚು ಉಳಿಯುತ್ತವೆ. ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಬಾದಾಮಿಯ ಮರಳುಗಲ್ಲು ಆ ಹೊತ್ತಿನಲ್ಲಿ ಕೆಂಡದಂತೆ ಕಾಣುವುದೂ ಇದರಿಂದಲೇ. ಮುಖದ ಒಂದು ಮಗ್ಗುಲು ಕತ್ತಲಾದರೆ ಬಿಳಿ ಧೋತರವೊಂದನ್ನು ಆ ಕಡೆ ಹಿಡಿಯಿರಿ. ಅದು ಬೆಳಕನ್ನು ತಿರುಗಿಸಿ ಕೊಡುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗ ಡೇರೆಯ ಹಿಂದೆ ನುಸುಳಿದ್ದ. ಅರ್ಧ ಬಣ್ಣ ಅಳಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ ನಟರೊಬ್ಬರ ಕಡೆ ಫೋನು ಎತ್ತಿದ್ದ. ನಾನು ಅವನ ಕೈ ಹಿಡಿದು ಕೆಳಗಿಳಿಸಿದೆ. "ಯಾಕ್ರಿ ಸರ್, ಗೊತ್ತಾಗದಂಗ ತಗದ್ರ ಸಹಜ ಬರತೈತಲ್ರಿ?" ಎಂದ. ನಾನೂ ಒಮ್ಮೆ ಹಾಗೆಯೇ ತಿಳಿದಿದ್ದೆ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಇಳಕಲ್ಲ ಕಡೆಯ ಶಾಲೆಯೊಂದರಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ. ಹೆಗಲಿಗೆ ರೀಲಿನ ಕ್ಯಾಮರಾ. ಆ ಕಾಲಕ್ಕೆ ಹಗಲುವೇಷದವರು ಓಣಿ ಓಣಿಗೆ ಬರುತ್ತಿದ್ದರು. ಹಾಡಿ, ಮಾತಾಡಿ, ರಾಮಾಯಣ ಮಹಾಭಾರತಗಳನ್ನು ಮನೆಯ ಮುಂದೆ ನಿಲ್ಲಿಸಿ, ಜನ ಕೊಟ್ಟ ಕಾಳು ಕಾಸು ತೆಗೆದುಕೊಳ್ಳುತ್ತಿದ್ದರು. ಮಗ್ಗದ ಸದ್ದಿನ ಒಂದು ಓಣಿಯಲ್ಲಿ ಹನುಮಂತನ ವೇಷದವರೊಬ್ಬರು ಕಟ್ಟೆಯ ಮೇಲೆ ಕುಳಿತು, ಬೆವರಿಗೆ ಬಣ್ಣ ಇಳಿಯುತ್ತಿರಲು, ಚಿಲ್ಲರೆ ಎಣಿಸುತ್ತಿದ್ದರು. ಅವರಿಗೆ ತಿಳಿಯದಂತೆ ಕ್ಲಿಕ್ಕಿಸಿದೆ. ಚಿತ್ರ ಚೆನ್ನಾಗಿ ಬಂತು. ದೊಡ್ಡದು ಮಾಡಿಸಿ ಶಾಲೆಯ ಪ್ರದರ್ಶನದಲ್ಲಿ ತೂಗುಹಾಕಿದೆ.

ಅವರ ಮಗ ನನ್ನ ಕ್ಲಾಸಿನಲ್ಲೇ ಇದ್ದ. ನನಗೆ ಗೊತ್ತಿರಲಿಲ್ಲ. ಹುಡುಗರಿಗೆ ಗೊತ್ತಿತ್ತು. ಅವರು ನಕ್ಕರು, ಅಡ್ಡಹೆಸರಿಟ್ಟರು. ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಅವರ ಬಿಡಾರಕ್ಕೆ ಹೋದೆ. ತಂದೆ ಸಿಟ್ಟಾಗಲಿಲ್ಲ. ಕೂಡಲು ಚಾಪೆ ಹಾಸಿದರು. "ಸರ್, ವೇಷಾ ಕಟ್ಟಾಕ ನನಗ ಎರಡು ತಾಸು ಬೇಕರಿ. ಅದನ್ನ ಬಿಟ್ಟು ಚಿಲ್ರಿ ಎಣಸೂದನ್ನ ತಗದ್ರೆಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಚಿತ್ರವನ್ನು ಅಂದೇ ಇಳಿಸಿದೆ. ಅವರನ್ನು ಕೇಳಿ, ಮರುದಿನ ನಸುಕಿನಲ್ಲಿ ಹೋಗಿ ವೇಷ ಕಟ್ಟುವವರೆಗೂ ಸುಮ್ಮನೆ ಕುಳಿತೆ. ಮೊದಲರ್ಧ ತಾಸು ಅವರು ಕ್ಯಾಮರಾದತ್ತಲೇ ನೋಡುತ್ತಿದ್ದರು. ಆಮೇಲೆ ಮರೆತರು. ಬಿಡಾರದ ಹೊರಗೆ ಎಳೆಬಿಸಿಲಲ್ಲಿ ಮಗ ತಂದೆಗೆ ಬಾಲ ಬಿಗಿಯುತ್ತಿದ್ದ. ಇಬ್ಬರೂ ಯಾವುದಕ್ಕೋ ನಕ್ಕರು. ಆಗ ಒತ್ತಿದೆ. ಅದರ ಪ್ರತಿಯನ್ನು ಚೌಕಟ್ಟು ಹಾಕಿಸಿ ಕೊಟ್ಟೆ. ಹುಡುಗ ಮರುದಿನ ಅದನ್ನು ತಾನೇ ಶಾಲೆಗೆ ತಂದು ಎಲ್ಲರಿಗೂ ತೋರಿಸಿದ.

ಕಥೆ ಕೇಳಿದ ಹುಡುಗ ಡೇರೆಯ ಹಿಂದಕ್ಕೆ ಮತ್ತೆ ಹೋದ, ಈ ಸಲ ಫೋನು ಕಿಸೆಯಲ್ಲಿಟ್ಟು. "ಅಣ್ಣಾರ, ಒಂದು ಫೋಟೊ ತಗೀಲೇನ್ರಿ?" ಎಂದು ಕೇಳಿದ. "ರೊಟ್ಟಿ ಮುಗೀಲೆಪಾ" ಎಂದರು ಅವರು. ಹುಡುಗ ಕಾದ. ಕೈ ತೊಳೆದು ಬಂದ ನಟರು ಕಿರೀಟವನ್ನು ಅವನ ತಲೆಗೇ ಇಟ್ಟು ನಕ್ಕಾಗ, ಪಕ್ಕದಲ್ಲಿದ್ದ ಹುಡುಗಿ ಕ್ಲಿಕ್ಕಿಸಿದಳು. ಅಂದಿನ ಚಿತ್ರಗಳಲ್ಲೆಲ್ಲ ಸಹಜವಾಗಿ ಬಂದದ್ದು ಅದೊಂದೇ.

ಬರುವ ಹೋಳಿಗೆ ಬಾಗಲಕೋಟೆಗೆ ಹೋಗೋಣವೆಂದು ಮಕ್ಕಳು ಈಗಲೇ ಹಟ ಹಿಡಿದಿದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಭಾಗ ಹೋಗಿ ನವನಗರ ಬೆಳೆದರೂ ಸೋಗಿನ ಬಂಡಿ ನಿಂತಿಲ್ಲ. ಪಾಲಕರೇ, ಮಕ್ಕಳ ಕೈಗೆ ಫೋನು ಕೊಟ್ಟು ಕಳಿಸಿ, ಅಡ್ಡಿಯಿಲ್ಲ. ಬಂಡಿ ಹೊರಡುವುದಕ್ಕೆ ಎರಡು ತಾಸು ಮೊದಲೇ ಕಳಿಸಿ. ಕೇಳುವುದಕ್ಕೆ, ಕಾಯುವುದಕ್ಕೆ ಅಷ್ಟು ಹೊತ್ತು ಬೇಕು.